ಪ್ಲಾಕ್ ಹೋಯಿತು, ಮರೆವು ಯಾಕೆ ಹೋಗಲಿಲ್ಲ?

"ಆಲ್ಝೈಮರ್‌ಗೆ ಕೊನೆಗೂ ಔಷಧ ಸಿಕ್ಕಿತು" ಅನ್ನುವ ಸುದ್ದಿಯನ್ನು ಈಚಿನ ವರ್ಷಗಳಲ್ಲಿ ನೀವು ಒಮ್ಮೆಯಾದರೂ ಓದಿರುತ್ತೀರಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗಂತೂ ಬಂದೇ ಬಂದಿರುತ್ತದೆ. ಸುದ್ದಿ ಪೂರ್ತಿ ಸುಳ್ಳೇನಲ್ಲ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಅಂತ ಎರಡು ಔಷಧಗಳಿವೆ. ಮೆದುಳಿನಲ್ಲಿ ಅಮೈಲಾಯ್ಡ್ ಅನ್ನುವ ಪ್ರೋಟೀನ್ ಕಟ್ಟಿಕೊಂಡು ಆದ ಪ್ಲಾಕ್‌ಗಳನ್ನು ಇವು ನಿಜವಾಗಿಯೂ ತೆಗೆಯುತ್ತವೆ. ಔಷಧ ಕೊಡುವ ಮೊದಲು ತೆಗೆದ ಸ್ಕ್ಯಾನ್, ಕೊಟ್ಟ ಮೇಲೆ ತೆಗೆದ ಸ್ಕ್ಯಾನ್, ಎರಡನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಯಾರ ಕಣ್ಣಿಗಾದರೂ ಕಾಣುತ್ತದೆ.

ಆದರೆ ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿಗೆ ಸ್ಕ್ಯಾನ್ ಕಟ್ಟಿಕೊಂಡು ಏನಾಗಬೇಕು? ಅವರು ಕೇಳುವುದು ಒಂದೇ: ಅಮ್ಮನಿಗೆ ನೆನಪು ವಾಪಸ್ ಬರುತ್ತಾ? ಬರುವುದಿಲ್ಲ. ಮರೆವು ಹೆಚ್ಚಾಗುವ ವೇಗ ಸ್ವಲ್ಪ ತಗ್ಗುತ್ತದೆ, ಅಷ್ಟೇ. ಆ "ಸ್ವಲ್ಪ" ಎಷ್ಟು ಅನ್ನುವುದರ ಮೇಲೆಯೇ ಈಗ ಜಗತ್ತಿನ ನರವೈದ್ಯರು ಎರಡು ಗುಂಪಾಗಿ ಜಗಳ ಆಡುತ್ತಿದ್ದಾರೆ.

ಲೆಕ್ಕ ಹೀಗಿದೆ. ಲೆಕಾನೆಮ್ಯಾಬ್‌ನ ದೊಡ್ಡ ಪ್ರಯೋಗದಲ್ಲಿ 1,795 ಜನ ಇದ್ದರು, ಎಲ್ಲರೂ ಕಾಯಿಲೆಯ ಶುರುವಿನ ಹಂತದವರು. ಅರ್ಧ ಜನಕ್ಕೆ ಔಷಧ, ಅರ್ಧ ಜನಕ್ಕೆ ಬರೀ ತೋರಿಕೆಯ ಇಂಜೆಕ್ಷನ್, ಒಟ್ಟು 18 ತಿಂಗಳು. ಫಲಿತಾಂಶ 2022ರ ನವೆಂಬರ್‌ನಲ್ಲಿ ಬಂತು. ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ಅಳೆಯಲು ವೈದ್ಯರು ಆರು ವಿಷಯ ನೋಡುತ್ತಾರೆ. ನೆನಪು ಹೇಗಿದೆ, ದಿನ ಮತ್ತು ಜಾಗದ ಅರಿವು ಇದೆಯಾ, ಸಮಸ್ಯೆ ಬಂದರೆ ಯೋಚಿಸಿ ನಿರ್ಧಾರ ಮಾಡುತ್ತಾರಾ, ಹೊರಗಿನ ವ್ಯವಹಾರ ಮಾಡುತ್ತಾರಾ, ಮನೆಗೆಲಸ ಮತ್ತು ಹವ್ಯಾಸ ನಡೆಯುತ್ತಿದೆಯಾ, ಸ್ನಾನ ಬಟ್ಟೆ ತಾವೇ ನೋಡಿಕೊಳ್ಳುತ್ತಾರಾ. ಒಂದೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ. ಅಂಕ ಜಾಸ್ತಿ ಆದಷ್ಟೂ ಸ್ಥಿತಿ ಕೆಟ್ಟಿದೆ ಅಂತ. ಒಟ್ಟು 18.

ಔಷಧ ಸಿಗದವರ ಅಂಕ 18 ತಿಂಗಳಲ್ಲಿ ಸರಾಸರಿ 1.66 ಏರಿತು. ಸಿಕ್ಕವರದು 1.21 ಏರಿತು. ವ್ಯತ್ಯಾಸ 0.45. ಈ ಅಳತೆಯಲ್ಲಿ ಅತಿ ಚಿಕ್ಕ ಮೆಟ್ಟಿಲೇ 0.5: ನೆನಪಿನ ವಿಷಯದಲ್ಲಿ "ಏನೂ ತೊಂದರೆ ಇಲ್ಲ" ಅನ್ನುವುದಕ್ಕೂ "ಸದಾ ಸಣ್ಣಪುಟ್ಟದು ಮರೆಯುತ್ತಾರೆ" ಅನ್ನುವುದಕ್ಕೂ ಇರುವ ಅಂತರ ಅದು. ಅಂದರೆ ಸರಾಸರಿ ಲಾಭ, ಆರು ವಿಷಯದಲ್ಲಿ ಒಂದರಲ್ಲಿ ಒಂದು ಮೆಟ್ಟಿಲಿಗೂ ಸ್ವಲ್ಪ ಕಡಿಮೆ. ಇದೇ ಲೆಕ್ಕವನ್ನು ಕಂಪನಿ "ಕಾಯಿಲೆ ಶೇ. 27ರಷ್ಟು ನಿಧಾನವಾಯಿತು" ಅಂತ ಹೇಳಿತು. ಅದೂ ತಪ್ಪಲ್ಲ, 1.66ರಲ್ಲಿ 0.45 ಅಂದರೆ ಶೇ. 27 ನಿಜವೇ. ಪೇಪರ್‌ನವರಿಗೆ ಯಾವುದು ಹೆಡ್‌ಲೈನ್ ಆಗುತ್ತದೆ ಅಂತ ಬೇರೆ ಹೇಳಬೇಕಾ?

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. 18 ತಿಂಗಳಲ್ಲಿ ಶೇ. 27 ಅಂದರೆ ಸುಮಾರು 5 ತಿಂಗಳು ಉಳಿಸಿಕೊಂಡ ಹಾಗೆ. ಮಗಳ ಮದುವೆ ಇರುವ ಮನೆಯಲ್ಲಿ 5 ತಿಂಗಳಿಗೆ ಬೆಲೆ ಕಟ್ಟಲು ನಾವ್ಯಾರು. ಡೊನಾನೆಮ್ಯಾಬ್‌ನ ಪ್ರಯೋಗದಲ್ಲೂ (1,736 ಜನ, 76 ವಾರ) ಲಾಭ ಹೆಚ್ಚುಕಮ್ಮಿ ಇದೇ ಮಟ್ಟದ್ದು. ಒಬ್ಬರಿಗೆ ಇದು ಐತಿಹಾಸಿಕ, ಇನ್ನೊಬ್ಬರಿಗೆ ಇದು ಮನೆಯವರ ಕಣ್ಣಿಗೇ ಬೀಳದಷ್ಟು ಸಣ್ಣದು. ಎರಡೂ ಒಂದೇ ಅಂಕೆಯ ಬಗ್ಗೆ ಆಡಿದ ಮಾತು.

ನನಗೆ ಹೆಚ್ಚು ಕುತೂಹಲದ ಪ್ರಶ್ನೆ ಬೇರೆ. ಕಾಯಿಲೆಗೆ ಪ್ಲಾಕೇ ಕಾರಣ ಅನ್ನುವುದಾದರೆ, ಪ್ಲಾಕ್ ಹೆಚ್ಚೂಕಡಿಮೆ ಪೂರ್ತಿ ಖಾಲಿಯಾದ ಮೇಲೂ ಕಾಯಿಲೆ ಯಾಕೆ ಮುಂದುವರಿಯುತ್ತದೆ?

ಮೊದಲು ಈ ಪ್ಲಾಕ್ ಏನು ಅಂತ ನೋಡೋಣ. ಇದು ಬ್ರೈನ್ ಟ್ಯೂಮರ್ ಅಲ್ಲ. ಹಾರ್ಟ್ ಬ್ಲಾಕ್ ಮಾಡುವ ಕೊಬ್ಬಿನ ಪ್ಲಾಕೂ ಅಲ್ಲ. ನಮ್ಮ ನರಕೋಶಗಳ ಹೊರಪೊರೆಯಲ್ಲಿ ಎಪಿಪಿ ಅನ್ನುವ ದೊಡ್ಡ ಪ್ರೋಟೀನ್ ಇರುತ್ತದೆ. ಅದನ್ನು ಎರಡು ಕಿಣ್ವಗಳು ಎರಡು ಕಡೆ ಕತ್ತರಿಸಿದಾಗ ನಡುವಿನ ತುಂಡು ಹೊರಬೀಳುತ್ತದೆ. ಅದೇ ಅಮೈಲಾಯ್ಡ್ ಬೀಟಾ. ಎಲ್ಲರ ಮೆದುಳಿನಲ್ಲೂ ದಿನಾ ಹುಟ್ಟುತ್ತದೆ, ದಿನಾ ತೊಳೆದುಹೋಗುತ್ತದೆ. ತುಂಡಿನ ಉದ್ದದಲ್ಲಿ ಮಾತ್ರ ಸಣ್ಣ ಹೆಚ್ಚುಕಡಿಮೆ ಇರುತ್ತದೆ. 40 ಅಮೈನೋ ಆಮ್ಲದ ತುಂಡು ಅಷ್ಟಾಗಿ ಅಂಟುವುದಿಲ್ಲ, 42ರದ್ದು ಜಾಸ್ತಿ ಅಂಟು. ಹುಟ್ಟುವುದಕ್ಕಿಂತ ತೊಳೆದುಹೋಗುವುದು ಕಡಿಮೆಯಾದಾಗ ಈ ತುಂಡುಗಳು ಒಂದಕ್ಕೊಂದು ಅಂಟಿ, ಮೊದಲು ಸಣ್ಣ ಗುಂಪುಗಳಾಗಿ, ಆಮೇಲೆ ಎಳೆಗಳಾಗಿ, ಕೊನೆಗೆ ಕರಗದ ಮುದ್ದೆಗಳಾಗಿ ನರಕೋಶಗಳ ಮಧ್ಯೆ ಕೂತುಬಿಡುತ್ತವೆ.

ಇದನ್ನು ಮರೆವಿನ ಜೊತೆ ಜೋಡಿಸಿ ಹೆಸರಾದವರು ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್. 1901ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನ ಮಾನಸಿಕ ಆಸ್ಪತ್ರೆಗೆ ಔಗುಸ್ಟ ಡೀಟರ್ ಅನ್ನುವ ಹೆಂಗಸನ್ನು ಕರೆತಂದರು. ವಯಸ್ಸು 51, "ಅರವತ್ತಕ್ಕೆ ಅರಳು ಮರಳು" ಅಂತ ತಳ್ಳಿಹಾಕುವ ವಯಸ್ಸೂ ಅಲ್ಲ. ಆಲ್ಝೈಮರ್ ಅವರೊಂದಿಗೆ ಆಡಿದ ಮಾತುಕತೆಯನ್ನು ಸಾಲುಸಾಲಾಗಿ ಬರೆದಿಟ್ಟಿದ್ದರು. ಹೆಸರೇನು ಅಂದರೆ ಔಗುಸ್ಟ. ಮನೆತನದ ಹೆಸರು? ಔಗುಸ್ಟ. ಗಂಡನ ಹೆಸರು? ಔಗುಸ್ಟ ಇರಬೇಕು. ಮಧ್ಯಾಹ್ನದ ಊಟಕ್ಕೆ ಹಂದಿಮಾಂಸ, ಹೂಕೋಸು ತಿನ್ನುತ್ತಿರುವಾಗ ಏನು ತಿನ್ನುತ್ತಿದ್ದೀರಿ ಅಂತ ಕೇಳಿದರೆ, ಪಾಲಕ್ ಅಂದರು. ಈ ಕಡತ ಎಲ್ಲೋ ಸೇರಿಹೋಗಿ, 1995ರಲ್ಲಿ ಮತ್ತೆ ಸಿಕ್ಕಿತು.

1906ರ ಏಪ್ರಿಲ್‌ನಲ್ಲಿ ಔಗುಸ್ಟ ತೀರಿಕೊಂಡರು. ಅಷ್ಟೊತ್ತಿಗೆ ಮ್ಯೂನಿಕ್ ಸೇರಿದ್ದ ಆಲ್ಝೈಮರ್ ಮೆದುಳನ್ನು ತರಿಸಿಕೊಂಡು, ತೆಳುವಾಗಿ ಕೊಯ್ದು, ಬೆಳ್ಳಿಯ ಲವಣದ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರು. ಅವರಿಗೆ ಕಂಡಿದ್ದು ಎರಡು. ಕೋಶಗಳ ಹೊರಗೆ ಪ್ಲಾಕ್. ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಒಳಗಿನ ಸಿಕ್ಕು ಟೌ ಅನ್ನುವ ಇನ್ನೊಂದು ಪ್ರೋಟೀನಿನದು ಅಂತ ಗೊತ್ತಾಗಿದ್ದು 1980ರ ದಶಕದಲ್ಲಿ. ಅಂದರೆ ಮೊದಲ ದಿನದಿಂದಲೇ ಆರೋಪಿಗಳು ಇಬ್ಬರು. ಆದರೆ ಮುಂದೆ ಹಣ, ಹೆಸರು, ಔಷಧ ಕಂಪನಿಗಳ ಗಮನ ಹೆಚ್ಚಾಗಿ ಹೋಗಿದ್ದು ಒಬ್ಬನ ಮೇಲೆ.

ಅದಕ್ಕೆ ಕಾರಣವೂ ಇತ್ತು, ಸುಮ್ನೆ ಯಾರೋ ಹಟ ಹಿಡಿದು ಕೂತಿದ್ದಲ್ಲ. 1984ರಲ್ಲಿ ಅಮೆರಿಕದ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಈ ಪ್ರೋಟೀನನ್ನು ಬಿಡಿಸಿ ತೆಗೆದರು. ಅದರ ಜೀನ್ ಇರುವುದು 21ನೇ ಕ್ರೋಮೋಸೋಮ್‌ನಲ್ಲಿ ಅಂತ 1987ರಲ್ಲಿ ತಿಳಿಯಿತು. ಡೌನ್ ಸಿಂಡ್ರೋಮ್ ಇರುವವರಿಗೆ ಆ ಕ್ರೋಮೋಸೋಮ್ ಎರಡರ ಬದಲು ಮೂರು ಇರುತ್ತದೆ, ನಲವತ್ತರ ಹೊತ್ತಿಗೆ ಅವರಲ್ಲಿ ಹೆಚ್ಚುಕಮ್ಮಿ ಎಲ್ಲರ ಮೆದುಳಿನಲ್ಲೂ ಪ್ಲಾಕ್ ಕಾಣಿಸುತ್ತದೆ. 1991ರಲ್ಲಿ ಲಂಡನ್ನಿನ ಜಾನ್ ಹಾರ್ಡಿ, ಆಲಿಸನ್ ಗೋಟ್ ತಂಡ, ತಲೆಮಾರಿನಿಂದ ತಲೆಮಾರಿಗೆ ಚಿಕ್ಕ ವಯಸ್ಸಿನಲ್ಲೇ ಈ ಕಾಯಿಲೆ ಬರುವ ಒಂದು ಕುಟುಂಬದಲ್ಲಿ ಎಪಿಪಿ ಜೀನಿನಲ್ಲೇ ದೋಷ ಕಂಡುಹಿಡಿಯಿತು. ಮರುವರ್ಷ ಹಾರ್ಡಿ ಮತ್ತು ಹಿಗಿನ್ಸ್ ಸೇರಿ ಬರೆದರು: ಮೊದಲು ಅಮೈಲಾಯ್ಡ್, ಆಮೇಲೆ ಟೌ, ಆಮೇಲೆ ಕೋಶಗಳ ಸಾವು, ಆಮೇಲೆ ಮರೆವು. ಇದೇ ಅಮೈಲಾಯ್ಡ್ ವಾದ. 2012ರಲ್ಲಿ ಐಸ್‌ಲ್ಯಾಂಡ್‌ನಿಂದ ಉಲ್ಟಾ ದಿಕ್ಕಿನ ಸಾಕ್ಷಿಯೂ ಬಂತು. ಅದೇ ಜೀನಿನಲ್ಲಿ ಬೇರೊಂದು ಬದಲಾವಣೆ ಇದ್ದವರಲ್ಲಿ ಅಮೈಲಾಯ್ಡ್ ಕಡಿಮೆ ಹುಟ್ಟುತ್ತದೆ, ಅವರಿಗೆ ಆಲ್ಝೈಮರ್ ಬರುವುದೂ ಕಡಿಮೆ. ಕೋರ್ಟಿನಲ್ಲಿ ಇಷ್ಟು ಸಾಕ್ಷಿ ಇದ್ದರೆ ಶಿಕ್ಷೆ ಆಗಿಯೇ ಹೋಗುತ್ತಿತ್ತು.

ಆದರೆ ಮೆದುಳು ಕೊಯ್ದು ನೋಡಿದವರು ಬೇರೆಯದನ್ನೇ ನೋಡುತ್ತಿದ್ದರು. ಅಮೆರಿಕದಲ್ಲಿ ಡೇವಿಡ್ ಸ್ನೋಡನ್ 1986ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ 678 ಕ್ಯಾಥೊಲಿಕ್ ಸನ್ಯಾಸಿನಿಯರು ಸತ್ತ ಮೇಲೆ ತಮ್ಮ ಮೆದುಳು ಕೊಡಲು ಒಪ್ಪಿದ್ದರು. ಅವರಲ್ಲಿ ಸಿಸ್ಟರ್ ಮೇರಿ ಅನ್ನುವವರು 101 ವರ್ಷ ಬದುಕಿದರು. ಕೊನೆಯವರೆಗೂ ಬುದ್ಧಿ ಚುರುಕು, ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ. ಮೆದುಳು ತೆಗೆದು ನೋಡಿದರೆ ಪ್ಲಾಕೂ ಸಿಕ್ಕೂ ಬೇಕಾದಷ್ಟು. ಅವರೊಬ್ಬರದೇ ವಿಚಿತ್ರ ಅಂದುಕೊಳ್ಳಬೇಡಿ. 2004ರಲ್ಲಿ ಪಿಟ್ಸ್‌ಬರ್ಗ್‌ನ ವಿಜ್ಞಾನಿಗಳು ಬದುಕಿರುವವರ ಮೆದುಳಿನಲ್ಲೇ ಪ್ಲಾಕ್ ಕಾಣುವಂಥ ಪೆಟ್ ಸ್ಕ್ಯಾನ್ ತಂದ ಮೇಲೆ, ಆರಾಮಾಗಿ ಓಡಾಡಿಕೊಂಡಿರುವ ವಯಸ್ಸಾದವರಲ್ಲೂ ನಾಲ್ಕೈದು ಜನಕ್ಕೆ ಒಬ್ಬರಂತೆ ಪ್ಲಾಕ್ ಇರುವುದು ಗೊತ್ತಾಯಿತು.

ಎಲ್ಲಕ್ಕಿಂತ ದೊಡ್ಡ ಒಗಟು ಕೊಲಂಬಿಯಾದ್ದು. ಅಲ್ಲಿನ ಆಂಟಿಯೋಕಿಯಾ ಪ್ರಾಂತ್ಯದಲ್ಲಿ ಒಂದು ದೊಡ್ಡ ಬಂಧುಬಳಗವೇ ಇದೆ. ಒಂದು ಜೀನಿನ ದೋಷದಿಂದ ಅವರಿಗೆ ನಲವತ್ತರ ಮಧ್ಯದಲ್ಲೇ ಮರೆವು ಶುರುವಾಗುತ್ತದೆ, ತಪ್ಪುವುದಿಲ್ಲ. ವೈದ್ಯ ಫ್ರಾನ್ಸಿಸ್ಕೋ ಲೊಪೆರಾ ದಶಕಗಳ ಕಾಲ ಆ ಹಳ್ಳಿಗಳಲ್ಲಿ ತಿರುಗಿ ಈ ಕುಟುಂಬಗಳನ್ನು ಗುರುತಿಸಿದರು. ಅದೇ ಬಳಗದ ಒಬ್ಬ ಹೆಂಗಸಿಗೆ ಅದೇ ದೋಷ ಇದ್ದೂ ಎಪ್ಪತ್ತರವರೆಗೆ ಏನೂ ಆಗಿರಲಿಲ್ಲ. ಸ್ಕ್ಯಾನ್ ಮಾಡಿದರೆ ಮೆದುಳಿನ ತುಂಬಾ ಅಮೈಲಾಯ್ಡ್. ಟೌ ಮಾತ್ರ ತೀರಾ ಕಡಿಮೆ. ಏಪೋ-ಇ ಅನ್ನುವ ಇನ್ನೊಂದು ಜೀನಿನ ಅಪರೂಪದ ರೂಪ ಅವರಲ್ಲಿ ಎರಡು ಪ್ರತಿ ಇತ್ತು, ಅದೇ ಅವರನ್ನು ಕಾಪಾಡಿರಬೇಕು ಅಂತ 2019ರಲ್ಲಿ ವರದಿಯಾಯಿತು. ಪ್ಲಾಕ್ ಭರ್ತಿ ಇದೆ, ಮರೆವಿಲ್ಲ. ಪ್ಲಾಕಿಗೂ ಮರೆವಿಗೂ ನಡುವೆ ಒಂದು ಬಾಗಿಲಿದೆ, ಅದನ್ನು ಮುಚ್ಚಬಹುದು ಅಂತ ಈ ಒಬ್ಬರ ದೇಹ ತೋರಿಸಿತು.

ಔಷಧಗಳ ಕಥೆಯೂ ಇದೇ ಕಡೆಗೆ ಬೆರಳು ತೋರುತ್ತಿತ್ತು. ಅಮೈಲಾಯ್ಡ್ ವಿರುದ್ಧದ ಮೊದಲ ಲಸಿಕೆಯ ಪ್ರಯೋಗವನ್ನು ಕೆಲವರಿಗೆ ಮೆದುಳಿನ ಉರಿಯೂತ ಬಂದಿದ್ದರಿಂದ 2002ರಲ್ಲಿ ನಿಲ್ಲಿಸಿದರು. ಆ ಲಸಿಕೆ ಪಡೆದವರನ್ನು ಬ್ರಿಟನ್ನಿನ ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರ ಮೆದುಳಿನಲ್ಲಿ ಪ್ಲಾಕ್ ಹೆಚ್ಚೂಕಡಿಮೆ ಮಾಯವಾಗಿತ್ತು. ಆದರೂ ಸಾಯುವ ಮೊದಲು ಅವರಿಗೆ ತೀವ್ರ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕೇ ಕೆಡುವಷ್ಟು ಮರೆವು, ಇತ್ತು. ಎಚ್ಚರಿಕೆಯ ಗಂಟೆ ಅಲ್ಲೇ ಹೊಡೆದಿತ್ತು. 2010ರಲ್ಲಿ ಅಮೈಲಾಯ್ಡ್ ಹುಟ್ಟುವುದನ್ನೇ ತಡೆಯುವ ಒಂದು ಮಾತ್ರೆ ರೋಗಿಗಳ ಸ್ಥಿತಿಯನ್ನು ಇನ್ನೂ ಕೆಡಿಸಿದೆ ಅಂತ ಗೊತ್ತಾಗಿ ನಿಂತಿತು. 2012ರಲ್ಲಿ ಎರಡು ಪ್ರತಿಕಾಯ (ಆಂಟಿಬಾಡಿ) ಔಷಧ ಸೋತವು. 2016, 2017ರಲ್ಲಿ ಇನ್ನಷ್ಟು.

ಆಮೇಲೆ ಬಂತು ಅಡುಕಾನುಮ್ಯಾಬ್. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಪ್ಲಾಕ್ ಅನ್ನುವುದು ಸುಳಿವಿನ ಜಾಗದಿಂದ ಎದ್ದು ಗುರಿಯ ಕುರ್ಚಿಯಲ್ಲಿ ಕೂತಿದ್ದು ಇಲ್ಲೇ. 2019ರ ಮಾರ್ಚ್‌ನಲ್ಲಿ ಬಯೋಜೆನ್ ಕಂಪನಿ ಇದು ಕೆಲಸ ಮಾಡುತ್ತಿಲ್ಲ ಅಂತ ಎರಡೂ ಪ್ರಯೋಗ ನಿಲ್ಲಿಸಿತು. ಅಕ್ಟೋಬರ್‌ನಲ್ಲಿ, ಅಲ್ಲಲ್ಲ, ಮತ್ತೆ ಲೆಕ್ಕ ಹಾಕಿದೆವು, ಒಂದು ಪ್ರಯೋಗದಲ್ಲಿ ಹೆಚ್ಚು ಡೋಸ್ ಸಿಕ್ಕವರಿಗೆ ಲಾಭ ಆಗಿದೆ ಅಂದಿತು. 2020ರ ನವೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯಲ್ಲಿ ಮುಖ್ಯ ಪ್ರಶ್ನೆಗೆ ಹೌದು ಅಂದವರು ಒಬ್ಬರೂ ಇರಲಿಲ್ಲ: 10 ಜನ ಬೇಡ ಅಂದರು, ಒಬ್ಬರು ಹೇಳಲಾಗದು ಅಂದರು. ಆದರೂ 2021ರ ಜೂನ್ 7ರಂದು ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಯಾವ ಆಧಾರದ ಮೇಲೆ? ಔಷಧ ಪ್ಲಾಕ್ ಕಡಿಮೆ ಮಾಡುತ್ತದೆ, ಪ್ಲಾಕ್ ಕಡಿಮೆಯಾದರೆ ರೋಗಿಗೂ ಲಾಭ ಆಗಬಹುದು ಅಂತ. ಸಮಿತಿಯ ಮೂವರು ರಾಜೀನಾಮೆ ಕೊಟ್ಟರು. ಬೆಲೆ ವರ್ಷಕ್ಕೆ 56,000 ಡಾಲರ್ ಇಟ್ಟರು, ಗಲಾಟೆಯಾಗಿ ಅದೇ ವರ್ಷದ ಕೊನೆಗೆ ಅರ್ಧಕ್ಕೆ ಇಳಿಸಿದರು. ಕೊಳ್ಳುವವರು ಸಿಗಲಿಲ್ಲ. 2024ರ ಜನವರಿಯಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಬದುಕಿರುವ ಮನುಷ್ಯನ ಬದಲು ಅವನ ಸ್ಕ್ಯಾನಿಗೆ ವೈದ್ಯ ಮಾಡಿದ ಹಾಗಾಯಿತು ಅಲ್ವಾ ಇದು.

ಇದೇ ಹೊತ್ತಿಗೆ ಇನ್ನೊಂದು ಹಗರಣ. ಮಿನ್ನೆಸೋಟ ವಿಶ್ವವಿದ್ಯಾಲಯದ ತಂಡ 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಅಮೈಲಾಯ್ಡ್‌ನ ಒಂದು ನಿರ್ದಿಷ್ಟ ಸಣ್ಣ ಗುಂಪೇ ಇಲಿಗಳಲ್ಲಿ ಮರೆವು ತರುತ್ತದೆ ಅಂತ ಹೇಳಿತ್ತು. ಅದರ ಚಿತ್ರಗಳನ್ನು ತಿದ್ದಿದಂತೆ ಕಾಣುತ್ತದೆ ಅಂತ 2022ರಲ್ಲಿ ಸೈನ್ಸ್ ಪತ್ರಿಕೆ ದೊಡ್ಡ ತನಿಖಾ ವರದಿ ಮಾಡಿತು. 2024ರ ಜೂನ್‌ನಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ಆಗ "ಆಲ್ಝೈಮರ್ ಸಂಶೋಧನೆಯೇ ಮೋಸ" ಅನ್ನುವ ಪೋಸ್ಟುಗಳು ಕನ್ನಡದಲ್ಲೂ ಓಡಾಡಿದವು. ಇದು ಅತಿಯಾಯಿತು. ಆ ಪ್ರಬಂಧ ಬರುವುದಕ್ಕೆ 15 ವರ್ಷ ಮೊದಲೇ ಜೀನ್‌ಗಳ ಸಾಕ್ಷಿ ಇತ್ತು, ಅದು ಹೋದ ಮೇಲೂ ಹಾಗೇ ಇದೆ. ಲೆಕಾನೆಮ್ಯಾಬ್ ಅದರ ಮೇಲೆ ಕಟ್ಟಿದ್ದಲ್ಲ. ಆ ಪ್ರಬಂಧದಿಂದ ಹಾಳಾಗಿದ್ದು ಅದರ ಬೆನ್ನು ಹತ್ತಿದ ಅನೇಕ ಲ್ಯಾಬ್‌ಗಳ ಹಣ, ಸಮಯ. ಅದೇ ಸಾಕಷ್ಟು ದೊಡ್ಡ ನಷ್ಟ, ಅದಕ್ಕೆ ಉಪ್ಪುಖಾರ ಹಚ್ಚಬೇಕಿಲ್ಲ.

ಹಾಗಾದರೆ ಪ್ಲಾಕ್ ತೆಗೆದರೂ ಯಾಕೆ ಸಾಲುತ್ತಿಲ್ಲ? ಒಪ್ಪಬಹುದಾದ ಕಾರಣ ಮೂರು ಇವೆ, ಮೂರೂ ಒಟ್ಟಿಗೆ ನಿಜ ಇರಬಹುದು.

ಒಂದು, ತಡವಾಗಿದೆ. ಪ್ಲಾಕ್ ಕಟ್ಟಲು ಶುರುವಾಗುವುದು ಮೊದಲ ಲಕ್ಷಣಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆ. ಮನೆಯವರಿಗೆ ಅನುಮಾನ ಬರುವ ಹೊತ್ತಿಗೆ ಟೌ ಹರಡಿ, ಕೋಶಗಳು ಸತ್ತಿರುತ್ತವೆ. ಆಗ ಪ್ಲಾಕ್ ತೆಗೆಯುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಡೊನಾನೆಮ್ಯಾಬ್ ಪ್ರಯೋಗದಲ್ಲಿ ಟೌ ಕಡಿಮೆ ಇದ್ದವರಿಗೇ ಹೆಚ್ಚು ಲಾಭವಾಗಿದ್ದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಇದನ್ನು ನೇರವಾಗಿ ಪರೀಕ್ಷಿಸಲು, ಪ್ಲಾಕ್ ಇದ್ದೂ ಮರೆವು ಶುರುವಾಗದವರಿಗೆ ಈ ಎರಡು ಔಷಧಗಳನ್ನು ಬೇರೆಬೇರೆಯಾಗಿ ಕೊಟ್ಟು ನೋಡುವ ಪ್ರಯೋಗಗಳು ಶುರುವಾಗಿವೆ. ಅವೂ ಸೋತರೆ "ತಡವಾಯಿತು" ಅನ್ನುವ ಸಮಜಾಯಿಷಿಗೆ ಜಾಗ ಉಳಿಯುವುದಿಲ್ಲ.

ಎರಡು, ಹಾನಿ ಮಾಡುವುದು ಪ್ಲಾಕ್ ಅಲ್ಲದೆ ಇರಬಹುದು. ಮರೆವಿನ ಮಟ್ಟ ಪ್ಲಾಕ್ ಎಷ್ಟಿದೆ ಅನ್ನುವುದಕ್ಕಿಂತ ಟೌ ಎಲ್ಲಿಯವರೆಗೆ ಹರಡಿದೆ ಅನ್ನುವುದಕ್ಕೆ ಹತ್ತಿರ ಹೊಂದುತ್ತದೆ. ಇದು 1990ರ ದಶಕದಿಂದಲೇ ಗೊತ್ತಿರುವ ವಿಷಯ.

ಮೂರನೆಯದು ಯಾಕೋ ಸುದ್ದಿಯಲ್ಲಿ ಬರುವುದೇ ಇಲ್ಲ. ಎಂಬತ್ತು ದಾಟಿದವರ ಮೆದುಳಿನಲ್ಲಿ ಒಂದೇ ಕಾಯಿಲೆ ಇರುವುದು ಅಪರೂಪ. ಅಮೈಲಾಯ್ಡ್, ಟೌ ಜೊತೆಗೆ ಪಾರ್ಕಿನ್ಸನ್‌ನಲ್ಲಿ ಕಾಣುವ ಆಲ್ಫಾ ಸಿನ್ಯೂಕ್ಲಿನ್, ಟಿಡಿಪಿ-43 ಅನ್ನುವ ಇನ್ನೊಂದು ಪ್ರೋಟೀನ್, ಬಿಪಿ ಶುಗರ್‌ನಿಂದ ಆದ ಸಣ್ಣಸಣ್ಣ ಸ್ಟ್ರೋಕ್‌ಗಳು, ಎಲ್ಲ ಕಲಸಿಕೊಂಡಿರುತ್ತವೆ. ಒಂದನ್ನು ಮಾತ್ರ ಆರಿಸಿ ತೆಗೆದರೆ ಉಳಿದವು ಸುಮ್ಮನಿರುತ್ತವಾ?

ಬೇರೆ ನರರೋಗಗಳಲ್ಲೂ ಇದೇ ಪಾಠ ಸಿಕ್ಕಿದೆ. ಪಾರ್ಕಿನ್ಸನ್‌ನಲ್ಲಿ ಆಲ್ಫಾ ಸಿನ್ಯೂಕ್ಲಿನ್ ಕೋಶದ ಒಳಗೆ ಉಂಡೆ ಕಟ್ಟುತ್ತದೆ. ಅದರ ವಿರುದ್ಧದ ಎರಡು ಪ್ರತಿಕಾಯ ಔಷಧಗಳು ಮುಖ್ಯ ಗುರಿ ಮುಟ್ಟಲಿಲ್ಲ ಅಂತ 2022ರಲ್ಲಿ ವರದಿಯಾಯಿತು. ಹಂಟಿಂಗ್ಟನ್ ಕಾಯಿಲೆಯಲ್ಲಿ ಯಾವ ಪ್ರೋಟೀನ್ ತಪ್ಪಿತಸ್ಥ ಅನ್ನುವುದರಲ್ಲಿ ಅನುಮಾನವೇ ಇಲ್ಲ. ಆ ಪ್ರೋಟೀನನ್ನು ಇಳಿಸುವ ಟೊಮಿನರ್ಸೆನ್ ಔಷಧದ ದೊಡ್ಡ ಪ್ರಯೋಗವನ್ನು ರೋಗಿಗಳಿಗೆ ಲಾಭ ಕಾಣದೆ 2021ರ ಮಾರ್ಚ್‌ನಲ್ಲಿ ನಿಲ್ಲಿಸಬೇಕಾಯಿತು. 2025ರ ನವೆಂಬರ್‌ನಲ್ಲಿ, ತೂಕ ಇಳಿಸುವುದಕ್ಕೆ ಹೆಸರಾದ ಸೆಮಾಗ್ಲುಟೈಡ್ ಕೂಡ ಆಲ್ಝೈಮರ್ ಪ್ರಯೋಗದಲ್ಲಿ ಸೋತಿತು. ಕಾಯಿಲೆಯ ಕುರುಹುಗಳೇನೋ ಸ್ವಲ್ಪ ಸುಧಾರಿಸಿದವು, ಆದರೆ ಕಾಯಿಲೆ ನಿಧಾನ ಆಗಲಿಲ್ಲ ಅಂತ ಕಂಪನಿಯೇ ಹೇಳಿತು. ಲ್ಯಾಬಿನ ಅಂಕೆ ಸುಧಾರಿಸುವುದು ಒಂದು, ಅಡುಗೆಮನೆಯಲ್ಲಿ ಗ್ಯಾಸ್ ಆಫ್ ಮಾಡಲು ನೆನಪಾಗುವುದು ಇನ್ನೊಂದು. ನಡುವಿನ ಅಂತರ ಪ್ರತಿ ಸಲ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ.

ಇನ್ನು ಅಪಾಯದ ಲೆಕ್ಕ. ಅಮೈಲಾಯ್ಡ್ ಬರೀ ಕೋಶಗಳ ನಡುವೆ ಕೂತಿರುವುದಿಲ್ಲ, ಮೆದುಳಿನ ರಕ್ತನಾಳಗಳ ಗೋಡೆಯಲ್ಲೂ ಇರುತ್ತದೆ. ಔಷಧ ಅದನ್ನು ಕಿತ್ತಾಗ ಗೋಡೆ ಸೋರುತ್ತದೆ. ಮೆದುಳು ಊದಿಕೊಳ್ಳಬಹುದು, ಸಣ್ಣ ರಕ್ತಸ್ರಾವ ಆಗಬಹುದು. ಲೆಕಾನೆಮ್ಯಾಬ್ ಪಡೆದವರಲ್ಲಿ ಶೇ. 12.6 ಜನರಿಗೆ ಊತ ಕಂಡಿತು, ಡೊನಾನೆಮ್ಯಾಬ್‌ನಲ್ಲಿ ಶೇ. 24. ಹೆಚ್ಚಿನವರಿಗೆ ಏನೂ ಅನಿಸುವುದಿಲ್ಲ, ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಆದರೆ ಡೊನಾನೆಮ್ಯಾಬ್ ಪ್ರಯೋಗದಲ್ಲಿ ಇದರಿಂದ ಮೂವರು ಸತ್ತರು ಅನ್ನುವುದನ್ನು ಮರೆಯಬಾರದು. ಏಪೋ-ಇ ಜೀನಿನ ಇ4 ಅನ್ನುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರಿಗೆ ಅಪಾಯ ತುಂಬಾ ಜಾಸ್ತಿ, ಲೆಕಾನೆಮ್ಯಾಬ್‌ನಲ್ಲೇ ಅಂಥವರಲ್ಲಿ ಮೂವರಿಗೆ ಒಬ್ಬರಂತೆ ಊತ ಬಂತು. ಆಲ್ಝೈಮರ್ ಹೆಚ್ಚಾಗಿ ಬರುವುದೂ ಅವರಿಗೇ. ಹಾಗಾಗಿ ಯುರೋಪಿನಲ್ಲಿ ಅವರನ್ನು ಬಿಟ್ಟು ಉಳಿದವರಿಗೆ ಮಾತ್ರ ಒಪ್ಪಿಗೆ. ಬ್ರಿಟನ್ನಿನಲ್ಲಂತೂ 2024ರ ಆಗಸ್ಟ್‌ನಲ್ಲಿ ಔಷಧ ನಿಯಂತ್ರಕರು ಲೆಕಾನೆಮ್ಯಾಬ್‌ಗೆ ಒಪ್ಪಿಗೆ ಕೊಟ್ಟ ದಿನವೇ, ಸರ್ಕಾರಿ ಆಸ್ಪತ್ರೆಗಳಿಗೆ ಏನು ಕೊಳ್ಳಬೇಕು ಅಂತ ಹೇಳುವ ನೈಸ್ ಸಂಸ್ಥೆ, ಈ ಬೆಲೆಗೆ ಇಷ್ಟು ಲಾಭ ಸಾಲದು ಅಂತ ಕರಡಿನಲ್ಲಿ ಬರೆಯಿತು.

ನಮ್ಮ ಕಡೆಗೆ ಬಂದರೆ, ಲೆಕಾನೆಮ್ಯಾಬ್‌ಗೆ ಅಮೆರಿಕದ ಬೆಲೆ ವರ್ಷಕ್ಕೆ 26,500 ಡಾಲರ್, ಅಂದರೆ 22 ಲಕ್ಷ ರೂಪಾಯಿ ಮೇಲೆ. ಬೆಲೆ ಇಳಿದರೂ ಉಳಿದ ಖರ್ಚು ಇಳಿಯುವುದಿಲ್ಲ. ಶುರುವಿನಲ್ಲಿ ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್, ಅಮೈಲಾಯ್ಡ್ ಇದೆ ಅಂತ ಖಾತ್ರಿ ಮಾಡಲು ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿಯ ನೀರಿನ ಪರೀಕ್ಷೆ, ಜೀನ್ ಟೆಸ್ಟ್, ಮತ್ತೆ ಮತ್ತೆ ಎಂಆರ್‌ಐ. ತಲೆನೋವು, ತಲೆಸುತ್ತು ಬಂದರೆ ತಕ್ಷಣ ಓಡಿಸಿಕೊಂಡು ಹೋಗಬೇಕು. ಬೀದರ್‌ನಲ್ಲೋ ಚಾಮರಾಜನಗರದಲ್ಲೋ ಇರುವ ಮನೆಯೊಂದು ಇದನ್ನು ನಿಭಾಯಿಸುವುದನ್ನು ಊಹಿಸಿಕೊಳ್ಳಿ. ಇದೆಲ್ಲ ಶುರುವಿನ ಹಂತದವರಿಗೆ ಮಾತ್ರ. ನಮ್ಮಲ್ಲಿ "ವಯಸ್ಸಾಯ್ತಲ್ಲ, ಮರೆವು ಇದ್ದದ್ದೇ" ಅಂತ ವರ್ಷಗಟ್ಟಲೆ ಬಿಟ್ಟು, ಮನೆ ದಾರಿ ತಪ್ಪಿದ ಮೇಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಅಷ್ಟೊತ್ತಿಗೆ ಈ ಔಷಧದ ಬಾಗಿಲು ಮುಚ್ಚಿರುತ್ತದೆ.

ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆ ಅಂದಾಜು ಮಾಡಿದೆ. ಇವರ ಮೆದುಳಿನಲ್ಲಿ ಏನು ನಡೆಯುತ್ತಿದೆ ಅನ್ನುವುದನ್ನು ಅಮೆರಿಕದ, ಯುರೋಪಿನ ಬಿಳಿಯರ ಮೇಲೆ ನಡೆದ ಪ್ರಯೋಗಗಳಿಂದ ತಿಳಿಯಲು ಆಗುವುದಿಲ್ಲ. ಸಮಾಧಾನದ ಸಂಗತಿ ಅಂದರೆ, ಈ ಕೆಲಸದ ಒಂದು ದೊಡ್ಡ ಪಾಲು ಕರ್ನಾಟಕದಲ್ಲೇ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ, ದಾನವಾಗಿ ಬಂದ ಮೆದುಳುಗಳನ್ನು ಸಂಶೋಧನೆಗೆ ಕಾದಿಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಹೌದು, ಅದೇ ಮಾವಿನ ಹಣ್ಣಿನ ಊರು, 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿ ಇಟ್ಟುಕೊಂಡಿದ್ದಾರೆ. ರಕ್ತ, ಜೀನ್, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಆಗುತ್ತದೆ. ಕಾಯಿಲೆ ಬಂದ ಮೇಲೆ ನೋಡುವುದಲ್ಲ, ಬರುವ ಮುಂಚಿನಿಂದ ನೋಡುತ್ತಾ ಹೋಗುವುದು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಟಿ. ಗೋವಿಂದರಾಜು ಅವರ ತಂಡ ಟಿಜಿಆರ್63 ಅನ್ನುವ ಅಣುವನ್ನು ತಯಾರಿಸಿದೆ, ಇಲಿಗಳಲ್ಲಿ ಅದು ಅಮೈಲಾಯ್ಡ್ ತಗ್ಗಿಸಿತು. ಒಳ್ಳೆಯ ಕೆಲಸ. ಆದರೆ ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳ ಪಟ್ಟಿ ಎಷ್ಟು ಉದ್ದ ಅಂತ ಈಗಷ್ಟೇ ನೋಡಿದೆವು.

ನೆನಪಿನ ಪರೀಕ್ಷೆಯೂ ಇಲ್ಲಿ ಬೇರೆಯೇ ಆಗಬೇಕು. ಅಕ್ಷರ ಕಲಿಯದ ಅಜ್ಜಿಗೆ "ಒಂದು ವಾಕ್ಯ ಬರೆಯಿರಿ" ಅಂತ ಪರೀಕ್ಷೆ ಕೊಟ್ಟರೆ ಸಿಗುವ ಉತ್ತರ ಅವರ ಮೆದುಳಿನದಲ್ಲ, ಅವರಿಗೆ ಸಿಗದ ಶಾಲೆಯದು. ಐಸಿಎಂಆರ್ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿದ್ದು ಇದಕ್ಕೇ. ಭಾಷೆಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಈಗ ನಿಮ್ಹಾನ್ಸ್‌ನಲ್ಲಿರುವ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲೂ. ಕಾರಣ ಇದೇ ಅಂತ ಈ ಬಗೆಯ ಅಧ್ಯಯನದಿಂದ ಸಾಧಿಸಲಾಗದು. ಆದರೂ 0.45ರ ಪಕ್ಕ ಇಟ್ಟು ನೋಡಿದರೆ ಕುತೂಹಲ ಆಗುತ್ತದೆ.

ಈಗಿನ ಹೊಸ ಬಿಸಿ ವಿಷಯ ರಕ್ತ ಪರೀಕ್ಷೆ. ಪಿ-ಟೌ217 ಅನ್ನುವ ಟೌ ಪ್ರೋಟೀನಿನ ಒಂದು ರೂಪವನ್ನೂ ಅಮೈಲಾಯ್ಡನ್ನೂ ರಕ್ತದಲ್ಲಿ ಅಳೆದು, ಮೆದುಳಿನಲ್ಲಿ ಪ್ಲಾಕ್ ಇರಬಹುದಾ ಅಂತ ಹೇಳುವ ಪರೀಕ್ಷೆಗೆ 2025ರ ಮೇನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಪೆಟ್ ಸ್ಕ್ಯಾನ್ ಇಲ್ಲದ ಊರುಗಳಿಗೆ ಇದು ದೊಡ್ಡ ಅನುಕೂಲ. ಆದರೆ ಇದರ ಹಿಂದೆಯೇ ಹಳೆಯ ಜಗಳ ಮತ್ತೆ ಬಂದಿದೆ. ಅಮೆರಿಕದ ಆಲ್ಝೈಮರ್ ಅಸೋಸಿಯೇಷನ್ ನೇಮಿಸಿದ ತಂಡ 2024ರಲ್ಲಿ, ಇಂಥ ಪರೀಕ್ಷೆ ಪಾಸಿಟಿವ್ ಬಂದರೆ ಲಕ್ಷಣ ಇಲ್ಲದಿದ್ದರೂ ಅದು ಆಲ್ಝೈಮರ್ ಕಾಯಿಲೆಯೇ ಅಂದಿತು. ಅದೇ ವರ್ಷ ಇನ್ನೊಂದು ಅಂತರರಾಷ್ಟ್ರೀಯ ತಂಡ, ಹಾಗಲ್ಲ, ಅಂಥವರನ್ನು ಅಪಾಯದಲ್ಲಿರುವವರು ಅನ್ನಿ, ರೋಗಿ ಅನ್ನಬೇಡಿ, ಅವರಲ್ಲಿ ಬಹಳ ಜನಕ್ಕೆ ಮರೆವು ಬರದೆಯೇ ಹೋಗಬಹುದು ಅಂದಿತು. ನನ್ನ ಮತ ಎರಡನೆಯವರಿಗೆ. ಮೊದಲನೆಯವರ ಲೆಕ್ಕದಲ್ಲಿ 101 ವರ್ಷ ಚುರುಕಾಗಿ ಬದುಕಿದ ಸಿಸ್ಟರ್ ಮೇರಿಯೂ ಆಲ್ಝೈಮರ್ ರೋಗಿಯೇ ಆಗುತ್ತಾರೆ.

ಈ ಪರೀಕ್ಷೆ ಮುಂದೆ "ಫುಲ್ ಬಾಡಿ ಚೆಕಪ್" ಪ್ಯಾಕೇಜಿಗೆ ಸೇರುವ ದಿನ ದೂರ ಇಲ್ಲ ಅಂತ ನನಗೆ ಅನಿಸುತ್ತದೆ. ಈಗ ಒಪ್ಪಿಗೆ ಇರುವುದು ಮರೆವಿನ ಲಕ್ಷಣ ಇದ್ದು ಡಾಕ್ಟರ ಹತ್ತಿರ ಬಂದವರಿಗೆ ಮಾತ್ರ. ಆರಾಮಾಗಿರುವ 55ರ ವ್ಯಕ್ತಿಗೆ ಪಾಸಿಟಿವ್ ಬಂದರೆ ಕೊಡಲು ಸಾಬೀತಾದ ಔಷಧ ಯಾವುದೂ ಇಲ್ಲ. ಚಿಂತೆ ಮಾತ್ರ ಇರುತ್ತದೆ. ಅದೇ ವ್ಯಕ್ತಿ ಬಿಪಿ ನೋಡಿಸಿ, ಕಿವಿ ಕೇಳಿಸದಿದ್ದರೆ ಮಷೀನ್ ಹಾಕಿಸಿ, ಶುಗರ್, ಕೊಲೆಸ್ಟ್ರಾಲ್ ಹಿಡಿತದಲ್ಲಿಟ್ಟುಕೊಂಡರೆ ಹೆಚ್ಚು ಲಾಭ. ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ. 45ರಷ್ಟಕ್ಕೆ ಸಂಬಂಧಪಟ್ಟ 14 ಕಾರಣಗಳನ್ನು ನಾವೇ ಬದಲಿಸಬಹುದು ಅಂತ ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿದೆ, ಇವೆಲ್ಲ ಆ ಪಟ್ಟಿಯಲ್ಲಿವೆ. ಮನೆಯಲ್ಲಿ ಯಾರಿಗಾದರೂ ಮರೆವು ಈಗಾಗಲೇ ಶುರುವಾಗಿದ್ದರೆ, ಪ್ಲಾಕ್ ಹುಡುಕುವ ಮೊದಲು ಬಿ12 ಮತ್ತು ಥೈರಾಯ್ಡ್ ಟೆಸ್ಟ್ ಮಾಡಿಸಿ. ಶುದ್ಧ ಸಸ್ಯಾಹಾರದ ಮನೆಗಳಲ್ಲಿ ಬಿ12 ಕೊರತೆ ಮಾಮೂಲಿ. ಅದರಿಂದ ಬಂದ ಮರೆವಾದರೆ, ಬೇಗ ಹಿಡಿದರೆ, ಇಂಜೆಕ್ಷನ್‌ಗೆ ಬಹಳ ಸಲ ಸುಧಾರಿಸುತ್ತದೆ.